ಕುರಿಯ ನಿದ್ದೆ ಕಾಯುತ್ತಿದ್ದ ಸಿದ್ದಕ್ಕ

ಸಿದ್ದಕ್ಕ ನನ್ನ ಗಂಡನ ಅಕ್ಕ. ದೊಡ್ಡ ಪ್ಲೇಗಿನಲ್ಲಿ ಗಂಡನನ್ನು ಕಳೆದುಕೊಂಡು ನನ್ನಿವಾಳದ ನಮ್ಮ ಮನೆಗೆ ಬಂದಾಗ ಅವಳಿಗೆ ಮೂವತ್ತು ತುಂಬಿರಲಿಲ್ಲ. ಒಂದು ಒಲೆಯನ್ನು ಇಬ್ಬರು ಊದಿದರೆ ಬರೀ ಹೊಗೆ ಎಂದು ನಾನು ಒಂದು ದಿನ ಅವಳ ಕಿವಿಗೆ ಬೀಳುವ ಹಾಗೆ ಅಂದೆ. ಅಂದಿನಿಂದ ಅವಳು ಅರ್ಧ ಮುದ್ದೆಗೇ ಕೈ ತೊಳೆಯುತ್ತಿದ್ದಳು.

ಆ ವರ್ಷ ಊರಾಚೆ ದನ ಮೇಯುವ ಕಾವಲಿನಲ್ಲಿ ದನದ ಡಾಕ್ಟರು ಶಾಂತವೀರಪ್ಪನವರು ಒಂದು ಹುಲ್ಲಿನ ಚಪ್ಪರ ಹಾಕಿಸಿದರು. ಕುರಿ ಯಾವಾಗ, ಎಷ್ಟು ಹೊತ್ತು ನಿದ್ದೆ ಮಾಡುತ್ತದೆ ಎಂದು ನೋಡಿ ಬರೆಯುವುದು ಅವರ ಕೆಲಸ. ಹದಿನೈದು ದಿನ ಒಂದೂ ಬಿಡದೆ ನೋಡಿದರೆ ಮಾತ್ರ ಅದು ಲೆಕ್ಕ. ರಾತ್ರಿ ಅವರ ಕಾಂಪೌಂಡರು ನೋಡುತ್ತಿದ್ದರು. ಹಗಲಿಗೆ ಇಟ್ಟುಕೊಂಡ ಪಾತಣ್ಣ ಕುರಿಗಿಂತ ಮೊದಲು ತಾನೇ ಗೊರಕೆ ಹೊಡೆದ. ಅವನು ಕಳೆದದ್ದು ಒಂದು ದಿನ, ಡಾಕ್ಟರಿಗೆ ಹೋದದ್ದು ಒಂಬತ್ತು ದಿನದ ಕೆಲಸ. ಸಂಜೆಯೇ ಅವನನ್ನು ಊರಿಗೆ ಕಳಿಸಿದರು. ಆ ಜಾಗಕ್ಕೆ ಸಿದ್ದಕ್ಕ ಹೋದಳು. ಚಪ್ಪರದ ಪಕ್ಕದಲ್ಲಿ ಅವಳಿಗೊಂದು ಗುಡಿಸಲು, ಅವಳದೇ ಒಲೆ.

ಅವಳಿಗೆ ಅಕ್ಷರ ಬಾರದು. ಡಾಕ್ಟರು ಮರಳು ಇಳಿಯುವ ಗಾಜೊಂದನ್ನು ಕೊಟ್ಟಿದ್ದರು. ಮರಳು ಪೂರ್ತಿ ಇಳಿದಾಗಲೆಲ್ಲ ಕುರಿಯನ್ನು ನೋಡಬೇಕು. ಎಚ್ಚರವಿದ್ದರೆ ಪಕ್ಕದಲ್ಲಿಟ್ಟ ಗಡಿಗೆಗೆ ಒಂದು ಹುರುಳಿ ಕಾಳು, ನಿದ್ದೆಯಿದ್ದರೆ ಒಂದು ಜಾಲಿ ಬೀಜ. ಸಂಜೆ ಡಾಕ್ಟರು ಬಂದು ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಕಣ್ಣು ಮುಚ್ಚಿ ಮೆಲುಕು ಹಾಕುವುದು ನಿದ್ದೆಯಲ್ಲ, ಮೆಲುಕು ನಿಂತು ಕತ್ತು ಪಕ್ಕೆಗೆ ತಿರುಗಿದರೆ ನಿದ್ದೆ ಎಂದು ಡಾಕ್ಟರಿಗೆ ತೋರಿಸಿಕೊಟ್ಟವಳು ಇವಳೇ.

ಹನ್ನೊಂದನೆಯ ದಿನ ಮಧ್ಯಾಹ್ನ ನಾನು ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೋದೆ. ಕುರಿಯ ನೀರು ಮುಗಿದಿತ್ತು, ಒಳಗೆ ಹೋಗಿ ಹಾಕಿ ಬಂದೆ. ಬರುವಾಗ ಬಾಗಿಲ ತಡಿಕೆಯನ್ನು ಎಳೆದೆನೇ ಹೊರತು ಹಗ್ಗ ಕಟ್ಟಲಿಲ್ಲ. ಸಿದ್ದಕ್ಕ ರೊಟ್ಟಿ ಇಸಿದುಕೊಳ್ಳಲು ಎದ್ದು ಎರಡು ಹೆಜ್ಜೆ ಬಂದಳು. ಅವಳು ತಿರುಗುವಷ್ಟರಲ್ಲಿ ತಡಿಕೆ ತಳ್ಳಿಕೊಂಡು ಬಂದ ಕುರಿಯ ಮೂತಿ ಗಡಿಗೆಯೊಳಗಿತ್ತು. ಎಳೆದಾಗ ತಳದಲ್ಲಿ ಒಂದು ಕಾಳೂ ಇರಲಿಲ್ಲ.

ಅವಳು ಕುರಿಯನ್ನು ಒಳಕ್ಕೆ ಕೂಡಿದಳು. ಮರಳು ಇಳಿದಿದೆ ಎಂದು ಗಾಜನ್ನು ತಿರುಗಿಸಿಟ್ಟಳು.

"ಅಕ್ಕಾ, ಕಾಳಿನ ಚೀಲ ಇಲ್ಲೇ ಐತೆ. ತುಂಬಿಸಿಬಿಡಾನ. ಯಾರ್ ನೋಡ್ತಾರೆ?" ಅಂದೆ.

"ಜಾಲಿ ಬೀಜ ಎಷ್ಟು ಹಾಕ್ಲಿ?"

"ನಿಂಗೆ ಗೊತ್ತಿರ್ಬೇಕಲ್ಲ."

"ನೋಡೋದು ನನ್ ಕೆಲಸ, ಎಣಿಸೋದು ಗಡಿಗೇದು. ನಾನು ಎಣಿಸಿಲ್ಲ ಸೂರಮ್ಮ."

ಜಾಲಿಕಾಯಿ ತಿಂದ ಕುರಿ ಮೆಲುಕು ಹಾಕುವಾಗ ಗಟ್ಟಿ ಬೀಜಗಳನ್ನು ಉಗುಳುತ್ತದೆ. ಬೆಳಿಗ್ಗೆ ಕುರಿ ರೊಪ್ಪ ಗುಡಿಸಿದರೆ ಮೊರದ ತುಂಬ ಸಿಗುವುದು ಅವೇ. ಚಪ್ಪರದ ಈ ಕುರಿಗೆ ಹಾಕುತ್ತಿದ್ದದ್ದು ಬರೀ ಹುಲ್ಲು, ಹೊಟ್ಟೆಯಲ್ಲಿ ಬೀಜವಿದ್ದರೆ ಗಡಿಗೆಯದೇ. ಹುರುಳಿ ಹೋದರೂ ನಿದ್ದೆಯ ಲೆಕ್ಕ ಸಿಕ್ಕೀತೆಂದು ಅದನ್ನೇ ನಂಬಿ ಅವಳು ಕುರಿಯ ಮುಂದಿನ ನೆಲವನ್ನು ಸೆರಗಿನಿಂದ ಒರೆಸಿ ಕುಳಿತಳು. ಕುರಿ ಮಲಗಲೇ ಇಲ್ಲ. ಡಾಕ್ಟರು ಬರುವ ಹೊತ್ತಾಯಿತೆಂದು ನಾನು ಗುಡ್ಡದ ಕಡೆಗೆ ಇಳಿಯುವ ಸೂರ್ಯನನ್ನು ನೋಡುತ್ತಿದ್ದೆ. ನಿನ್ನ ಮುಖ ನೋಡಿ ಕುರಿಯೂ ಹೆದರುತ್ತಿದೆ, ಆಚೆ ತಿರುಗು ಎಂದಳು ಸಿದ್ದಕ್ಕ. ಬಹಳ ಹೊತ್ತಿನ ಮೇಲೆ ಕುರಿ ಮಂಡಿಯೂರಿತು, ದವಡೆ ಆಡಿಸಿತು. ಮೊದಲ ಬೀಜ ಬಿತ್ತು. ಡಾಕ್ಟರು ಬರುವ ಹೊತ್ತಿಗೆ ಏಳು ಬಿದ್ದಿದ್ದವು.

"ಕುರಿ ಗಡಿಗೇಗೆ ಬಾಯಿ ಹಾಕ್ತು ಸ್ವಾಮಿ. ಏಳು ಬೀಜ ವಾಪಸ್ ಬಂದಾವೆ. ಹೊಟ್ಟೇಲಿ ಇನ್ನೂ ಐತೋ ಇಲ್ವೋ ಹೇಳಾಕಾಗಲ್ಲ," ಅಂದಳು.

ತಡಿಕೆ ಕಟ್ಟಿರಲಿಲ್ಲವೇ ಎಂದು ಅವರು ಕೇಳಿದರು. ಕಟ್ಟಿದೆಯೋ ಇಲ್ಲವೋ ತಾನು ನೋಡಲಿಲ್ಲ ಎಂದಳು. ನನ್ನ ಕಡೆ ತಿರುಗಲಿಲ್ಲ. ಕಟ್ಟದವಳು ನಾನು ಎಂದು ನಾನೂ ಹೇಳಲಿಲ್ಲ. ಆ ಮಾತನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ಡಾಕ್ಟರು ಪುಸ್ತಕ ಬಿಚ್ಚಿ ಹಿಂದಿನ ಪುಟಗಳನ್ನು ತಿರುವಿದರು. ಅವರಿಗೂ ಹನ್ನೊಂದು ದಿನದ ಕೆಲಸ. ಕೊನೆಗೆ ಮೆಲ್ಲಗೆ ಕೇಳಿದರು, "ಏಳು ಅಂತ ಬರೀಲಾ ಸಿದ್ದಮ್ಮ?"

"ಬರೀಬೇಡ್ರಿ."

ಅವರು ಪುಟಕ್ಕೆ ಅಡ್ಡಗೆರೆ ಎಳೆದು ಎದ್ದು ಹೋದರು. ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಸಿದ್ದಕ್ಕ ತನ್ನ ಎರಡು ಸೀರೆ ಗಂಟು ಕಟ್ಟಿಟ್ಟು, ಒಲೆಯ ಬೂದಿ ತೆಗೆದು ಸಾರಿಸಿದಳು. ಮನೆಗೆ ಬಾ, ಇನ್ನು ನಾನೇನೂ ಅನ್ನುವುದಿಲ್ಲ ಎಂದೆ. ಅವಳು ಸಾರಿಸಿದ ಒಲೆಯ ಪಕ್ಕದಲ್ಲೇ ಚಾಪೆ ಹಾಸಿದಳು. ಬೆಳಿಗ್ಗೆ ಗಂಟು ತೊಡೆಯ ಮೇಲಿಟ್ಟುಕೊಂಡು ಗುಡಿಸಲಿನ ಬಾಗಿಲಲ್ಲಿ ಕುಳಿತಿದ್ದಳು. ಕಾಂಪೌಂಡರು ಬಂದು ಗಡಿಗೆಯ ಬಾಯಿಗೆ ಸರಿಹೊಂದುವ ಒಂದು ಮರದ ಮುಚ್ಚಳವನ್ನು ಅವಳ ಕೈಗೆ ಕೊಟ್ಟರು. ಇವತ್ತು ಒಂದನೆಯ ದಿನವಂತೆ, ಬೇಗ ಹೋಗು ಎಂದರು.

ಮೂರನೆಯ ದಿನ ಹಿಕ್ಕೆ ಗುಡಿಸುವಾಗ ಅದರಲ್ಲಿ ಒಂದು ಜಾಲಿ ಬೀಜ ಸಿಕ್ಕಿತಂತೆ. ತೊಳೆದಿಟ್ಟುಕೊಂಡು, ಸಂಜೆ ಬಂದ ಡಾಕ್ಟರ ಪುಸ್ತಕದ ಮೇಲಿಟ್ಟು, "ಇದು ಎಂಟನೇದ್ರಿ, ಅವತ್ತಿಂದು," ಅಂದಳಂತೆ. ಅಡ್ಡಗೆರೆ ಎಳೆದ ಪುಟಕ್ಕೆ ಇದೇಕೆ ಎಂದು ಅವರು ಕೇಳುವಷ್ಟರಲ್ಲಿ ಅವಳು ಕುರಿಯ ಮುಂದೆ ಹೋಗಿ ಕುಳಿತಿದ್ದಳಂತೆ. ಗಾಜಿನ ಮರಳು ಇಳಿಯುವ ಹೊತ್ತಾಗಿತ್ತು.