ಜಾಕಿಯ ಮೇಲೆ ಬಂದೂಕು

ಮೊನ್ನೆ ಬೇತಮಂಗಲದ ರಸ್ತೆಯಲ್ಲಿ ನಮ್ಮ ಕಾರು ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯವನು ಡಿಕ್ಕಿಯಿಂದ ಜಾಕಿ ಎತ್ತಿಕೊಂಡ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನ್ ಸಾರ್ ಇದು, ಜಾಕಿಗೆ ಹಾಸಿಗೆ ಹಾಸಿದ್ದೀರಾ?" ಎಂದು ಕೇಳಿದ. ಸುಳ್ಳಲ್ಲ, ಜಾಕಿಯ ತಲೆಗೆ ಹಳೇ ಕಂಬಳಿಯ ತುಂಡೊಂದು ಅಂಟಿಕೊಂಡಿತ್ತು. ನಾನು ನಕ್ಕುಬಿಟ್ಟೆ. ಚಕ್ರ ಬದಲಿಸುವಷ್ಟು ಹೊತ್ತಿನಲ್ಲಿ ಮುಗಿಯುವ ಕಥೆ ಅದಲ್ಲ. ನೀವು ಪುರುಸೊತ್ತಾಗಿ ಕೂತಿರುವಂತಿದೆ, ನಿಮಗೆ ಹೇಳುತ್ತೇನೆ.

ನಾನು ಬಂಗಾರಪೇಟೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಕೈವಾರವಿಲ್ಲದೆ, ಒಂದೇ ಬೀಸಿಗೆ, ಬೋರ್ಡಿನ ಮೇಲೆ ಪೂರ್ತಿ ವೃತ್ತ ಎಳೆಯುತ್ತಿದ್ದೆ. ನನ್ನ ಕೀರ್ತಿ ಎಂಬುದೇನಾದರೂ ಇದ್ದರೆ ಅದೊಂದೇ. ನನ್ನಾಕೆಯ ಚಪಾತಿಗಳ ಆಕಾರದ ಬಗ್ಗೆ ಮಾತಾಡುವ ಹಕ್ಕು ಬಂದದ್ದೂ ಅದರಿಂದಲೇ. ನಿವೃತ್ತನಾದ ಮರುವರ್ಷ ಆ ಬಲಗೈ ನಡುಗತೊಡಗಿತು. ಹೆದರುವಂಥದ್ದೇನಲ್ಲ ಎಂದರು ಡಾಕ್ಟರು. ಹೆದರಿಕೆ ಯಾರಿಗಿತ್ತು? ನನಗಿದ್ದದ್ದು ನಾಚಿಕೆ. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟೆ. ಯಾರಾದರೂ ಬಂದರೆ ಕೈಯನ್ನು ಪಂಚೆಯ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ಕೂರುತ್ತಿದ್ದೆ. ಕೊನೆಗೆ ಚಿನ್ನದ ಗಣಿಗಳ ಊರಾದ ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯ ಬಾಗಿಲನ್ನೇ ದಾಟದವನಾದೆ.

ಹೊರಗೆ ಎಳೆದು ತಂದವನು ನನ್ನ ಬಾಮೈದ ಮುನಿವೆಂಕಟಪ್ಪ. ಬೇತಮಂಗಲದ ಪಕ್ಕದ ಹಳ್ಳಿಯಲ್ಲಿ ನಾಲ್ಕು ಹಸು ಸಾಕಿಕೊಂಡಿರುವವನು. ಅಕ್ಕನನ್ನು ನೋಡಲು ಬಂದವನು ಒಂದು ದಿನ ನನ್ನೆದುರು ಕುಕ್ಕರಿಸಿ ಕೂತ.

"ಬಾವ, ನಂದಿದುರ್ಗ ಗಣಿ ತಾವ ಒಂದು ಶೆಡ್‌ನಾಗೆ ಏರ್ ರೈಫಲ್ ಒಡೆಯೋದು ಕಲಿಸ್ತಾರಂತೆ. ಓಗಾನ ನಡಿ."

"ನಡುಗೋ ಕೈಗೆ ಯಾರಪ್ಪಾ ಬಂದೂಕು ಕೊಡ್ತಾರೆ?"

"ಮೇಜಿನ ಮೇಲೆ ಮಡಗಿ, ಕುಂತ್ಕಂಡು ಒಡೆಯೋದಂತೆ. ಕೈ ನಡುಗಿದ್ರೆ ನಡುಗ್ಲಿ, ಮೇಜು ನಡುಗಲ್ವಲ್ಲಾ!"

ಮರುದಿನ ಅವನ ಜೊತೆ ಹೊರಟೆ. ಅಲ್ಲಿ ಕಲಿಸುತ್ತಿದ್ದವನು ಸೆಲ್ವಂ. ಕನ್ನಡದಲ್ಲಿ ಶುರುಮಾಡಿ ತಮಿಳಿನಲ್ಲಿ ಮುಗಿಸುವವನು. "ಸಾರ್, ಬಂದೂಕಿನ ಮುಂಭಾಗಕ್ಕೆ ಏರಿಸಿ ಇಳಿಸೋ ಆಸರೆ ಬೇಕು. ಹಿಂಭಾಗಕ್ಕೆ ಒಂದು ಪುಟ್ಟ ಚೀಲ. ಒಂದೊಂದು ಗುಂಡಿಗೂ ಬಂದೂಕು ಮತ್ತೆ ಅದೇ ಜಾಗಕ್ಕೆ ಬಂದು ಕೂರ್ಬೇಕು. ಅವ್ಳೋದಾನ್!" ಅಷ್ಟೇ, ಎಂದು ಕೈ ಝಾಡಿಸಿದ. ಆ ಶೆಡ್ಡಿನ ಶೂಟಿಂಗ್ ಕ್ಲಬ್ಬಿನಲ್ಲಿ ಇದ್ದದ್ದು ಒಂದೇ ಆಸರೆ, ಅದಕ್ಕೆ ದೊಡ್ಡ ಸರದಿ. ಪಂದ್ಯಕ್ಕೆ ಹೋಗಬೇಕೆಂದರೆ ನಮ್ಮದನ್ನು ನಾವೇ ಹೊಂದಿಸಿಕೊಳ್ಳಬೇಕಿತ್ತು.

ಮೊದಲು ನನ್ನಾಕೆಯ ದಿಂಬು ಒಯ್ದೆವು. ಬಂದೂಕು ಅದರಲ್ಲಿ ಹೂತುಹೋಗಿ ನಿದ್ದೆಹೋಯಿತು. ಇಟ್ಟಿಗೆಗಳ ಮೇಲಿಟ್ಟರೆ ಒಂದೊಂದು ಹೊಡೆತಕ್ಕೂ ಕರಕರ ಎಂದು ಪಕ್ಕಕ್ಕೆ ಸರಿಯಿತು. ರಾಗಿ ಚೀಲ ಅಲ್ಲಾಡಲಿಲ್ಲ, ಆದರೆ ಏರಿಸಲೂ ಆಗಲಿಲ್ಲ, ಇಳಿಸಲೂ ಆಗಲಿಲ್ಲ. ಗಣಿಯವರು ಸುರಿದ ಸಯನೈಡ್ ದಿಬ್ಬದ ವಿಷದ ಮಣ್ಣು ತುಂಬಿ ತರುತ್ತೇನೆಂದು ಬಾಮೈದ ಹೊರಟಾಗ ಸೆಲ್ವಂ ಅಡ್ಡ ನಿಂತು ತಡೆದ. ಕಡೆಗೆ ಹೊಳೆದದ್ದು ಕಾರಿನ ಜಾಕಿ. ಹಿಡಿ ತಿರುಗಿಸಿದರೆ ಕೂದಲೆಳೆಯಷ್ಟು ಏರುತ್ತದೆ, ಕೂದಲೆಳೆಯಷ್ಟು ಇಳಿಯುತ್ತದೆ. ಅದರ ತಲೆಗೆ ಕಂಬಳಿ ಅಂಟಿಸಿದೆವು. ಹಿಂಭಾಗಕ್ಕೆ ನನ್ನ ಕಾಲುಚೀಲದೊಳಗೆ ರಾಗಿ ತುಂಬಿ ಬಾಯಿ ಹೊಲಿದೆವು.

ಇವುಗಳಲ್ಲಿ ಯಾವುದು ಉತ್ತಮ ಎಂದು ತೀರ್ಮಾನಿಸಿದ್ದು ಹೇಗೆ ಎನ್ನುವಿರಾ? ಗುರಿಯ ಕಪ್ಪು ಚುಕ್ಕೆ ನನಗೆ ಕಾಣುತ್ತಿತ್ತು, ಅದರಲ್ಲಿ ಗುಂಡು ಮಾಡಿದ ತೂತು ಕಾಣುತ್ತಿರಲಿಲ್ಲ. ಹಾಗಾಗಿ ಮುನಿವೆಂಕಟಪ್ಪ ಪಕ್ಕದಲ್ಲಿ ಕ್ಲಬ್ಬಿನ ದೂರದರ್ಶಕಕ್ಕೆ ಕಣ್ಣಿಟ್ಟು ಕೂತು ವರದಿ ಕೊಡುತ್ತಿದ್ದ. ಇಟ್ಟಿಗೆಗೆ, "ಒಂದು ಕಾಳಿನಷ್ಟು ಎಡಕ್ಕೆ." ರಾಗಿ ಚೀಲಕ್ಕೆ, "ವಸಿ ಮ್ಯಾಲಕ್ಕೆ." ಜಾಕಿಗೆ, "ನಡುಮಧ್ಯ ಬಾವ! ಅಣೆಗೆ ಬೊಟ್ಟು ಇಟ್ಟಂಗೆ!" ಕಾಗದ ಉಳಿಸಲು ಎಲ್ಲ ಪರೀಕ್ಷೆಗಳನ್ನೂ ಒಂದೇ ಹಾಳೆಯ ಮೇಲೆ ಮಾಡುತ್ತಿದ್ದೆವು. ಹಾಳೆ ಜರಡಿಯಾಗಿ ಬರುತ್ತಿತ್ತು. ಯಾವ ತೂತು ಯಾವುದರದ್ದೆಂದು ಬಲ್ಲವನು ಅವನೊಬ್ಬನೇ. ನಾನು ನಂಬಿದೆ. ಜಾಕಿಯನ್ನೇ ಆರಿಸಿದೆವು.

ಬಂಗಾರಪೇಟೆಯಲ್ಲಿ ಪಂದ್ಯ. ಮೇಜಿನ ಮೇಲೆ ಜಾಕಿ ಇಟ್ಟಾಗ ಕೆಲವರು ನಕ್ಕರು. ಆಮೇಲೆ ಒಂದೊಂದು ಗುಂಡಿಗೂ ಪಕ್ಕದಿಂದ, "ನಡುಮಧ್ಯ!" ಐದನೆಯದಕ್ಕೆ ನಾನು ಎದೆ ಸೆಟೆಸಿದೆ. ಏಳನೆಯದಕ್ಕೆ, ಬಹುಮಾನದ ಕಪ್ಪನ್ನು ಷೋಕೇಸಿನ ಯಾವ ಅರೆಯಲ್ಲಿಡುವುದೆಂದು ಲೆಕ್ಕ ಹಾಕಿದೆ. ಒಂಬತ್ತನೆಯದಕ್ಕೆ ತೀರ್ಪುಗಾರ್ತಿ ನಮ್ಮ ಹತ್ತಿರ ಬಂದರು. ನನ್ನ ಹಾಳೆಯನ್ನು ನೋಡಿದರು, ಬಾಮೈದನನ್ನು ನೋಡಿದರು, ದೂರದರ್ಶಕವನ್ನು ನೋಡಿದರು.

"ಯಜಮಾನ್ರೇ, ಮುಚ್ಚಳ ತೆಗೆದು ನೋಡಿ."

ಮುನಿವೆಂಕಟಪ್ಪ ತಡಕಾಡಿ ದೂರದರ್ಶಕದ ಮುಚ್ಚಳ ಕಳಚಿದ. ಇಡೀ ಸಭಾಂಗಣದ ನಗುವಿಗೆ ತಗಡಿನ ಛಾವಣಿಯೂ ದನಿಗೂಡಿಸಿತು. ನಾವು ಕಟ್ಟಕಡೆಯವರಾಗಿದ್ದೆವು. ನನ್ನ ಎರಡು ಗುಂಡುಗಳಂತೂ ಹಾಳೆಯನ್ನು ಮುಟ್ಟಿಯೇ ಇರಲಿಲ್ಲ.

ಹೊರಗೆ ಬಂದು ಬೇವಿನ ಮರದಡಿ ಅವನನ್ನು ನಿಲ್ಲಿಸಿಕೊಂಡೆ. ಸಿಟ್ಟಿಗೆ ಎರಡು ಕೈಯೂ ನಡುಗುತ್ತಿದ್ದವು. "ಎಷ್ಟು ದಿನದಿಂದ ಕಣ್ಣು ಕಾಣ್ತಿಲ್ಲ ನಿಂಗೆ?"

"ಒಂದು ವರ್ಸ ಆಯ್ತು ಬಾವ. ಎಲ್ಲಾ ಮಬ್ಬು ಮಬ್ಬು. ಆಪರೇಸನ್ ಅಂತಾರೇಂತ ಬಯ. ಆಲು ಕರೆಯಾಕೆ ಕಣ್ಣು ಬೇಕಿಲ್ಲ, ಅಂಗೇ ನಡೀತಿತ್ತು."

"ಮತ್ತೆ ನಡುಮಧ್ಯ ಅಂತ ಯಾಕಪ್ಪಾ ಬೊಗಳ್ದೆ?"

ಅವನು ಚಪ್ಪಲಿಯಿಂದ ನೆಲ ಕೆರೆದ. "ಮೊದ್ಲು ಒಂದ್ಸಲ ಸುಮ್ಕೆ ಅಂದೆ. ನೀನು ನಕ್ಕೆ. ನೀನು ನಕ್ಕಿದ್ದು ನಾನು ಕೇಳಿ ಬೋ ದಿನ ಆಗಿತ್ತು ಬಾವ. ಆಮ್ಯಾಕೆ ಬಾಯಿಗೆ ಅದೇ ಬತ್ತಾ ಓಯ್ತು."

ರಸ್ತೆ ದಾಟುವಾಗಲೆಲ್ಲ ಅವನು ನನ್ನ ತೋಳು ಹಿಡಿಯುತ್ತಿದ್ದದ್ದು ಆಗ ನೆನಪಾಯಿತು. ನನಗೆ ಆಸರೆ ಕೊಡುತ್ತಿದ್ದಾನೆ ಎಂದುಕೊಂಡಿದ್ದೆ! ಇಬ್ಬರೂ ಪರಸ್ಪರ ನೆಚ್ಚಿಕೊಂಡು ಬಸ್ಸು ಲಾರಿಗಳ ನಡುವೆ ನುಗ್ಗಿದ್ದನ್ನು ನೆನೆದರೆ ಈಗಲೂ ಬೆನ್ನು ತಣ್ಣಗಾಗುತ್ತದೆ.

ಕಣ್ಣಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಕೌಂಟರಿನಲ್ಲಿ ಅವನ ಕಡೆಯವರ ಸಹಿ ಬೇಕೆಂದರು. ಹಿಂದೆ ಅಷ್ಟು ಜನ ನೋಡುತ್ತಿದ್ದಂತೆಯೇ ಸಹಿ ಹಾಕಿದೆ. ಎರೆಹುಳು ಶಾಯಿಯಲ್ಲಿ ಬಿದ್ದೆದ್ದು ತೆವಳಿದಂತೆ ಬಂತು. ಅದರ ಕಡೆ ಗಮನ ಕೊಡಲೂ ಪುರುಸೊತ್ತಿರಲಿಲ್ಲ. ಒಳಗೆ ಬಾಮೈದ, "ಬಾವ ಬರಾಗಂಟ ಮುಟ್ಟಬ್ಯಾಡ್ರಿ" ಎಂದು ಕೂಗುತ್ತಿದ್ದ.

ಈಗ ಅವನಿಗೆ ಎರಡೂ ಕಣ್ಣು ನಿಚ್ಚಳವಾಗಿ ಕಾಣುತ್ತವೆ. ಕಳೆದ ಭಾನುವಾರ ಮತ್ತೆ ಶೆಡ್ಡಿಗೆ ಹೋದೆವು. ನಾನು ಕೂತು, ಉಸಿರು ಬಿಗಿಹಿಡಿದು ಹೊಡೆದೆ. ಪಕ್ಕದಿಂದ "ನಡುಮಧ್ಯ" ಬರಲಿಲ್ಲ.

"ಏನಾಯ್ತಪ್ಪಾ?" ಎಂದೆ.

ಹಾಳೆಯನ್ನೂ ಅದರ ಸುತ್ತಲ ಗೋಡೆಯನ್ನೂ ಹುಡುಕಿ ನೋಡಿದ ಮುನಿವೆಂಕಟಪ್ಪ ಮೆಲ್ಲಗೆ ಕೇಳಿದ: "ಬಾವ, ಮೊದ್ಲಿಂದಾನೂ ನೀನು ಇಂಗೇ ಒಡೀತಿದ್ದಾ?"

"ಯಾರಿಗ್ಗೊತ್ತಪ್ಪಾ, ಆಗ ನೋಡಿದೋರು ಯಾರೂ ಇರ್ಲಿಲ್ಲ" ಎಂದು ನಾನು ಎರಡನೆಯ ಗುಂಡು ತುಂಬಿದೆ.