ಗೀಟಕ್ಕನ ಗೋಡೆ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಿನಂತಿದೆ, ಕ್ಷಮಿಸಿ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು, ಪದಗಳೂ ಬೇಕೆಂದಾಗ ಸಿಗುವುದಿಲ್ಲ. ಆಸ್ಪತ್ರೆಗೆ ಹೊಸದಾಗಿ ಬರುವ ಹೆಂಗಸರು ಓದಲೆಂದು ನಮ್ಮ ಅತ್ತೆಯ ಕಥೆ ಬರೆದುಕೊಡಲು ಅಲ್ಲಿನ ಫಿಸಿಯೋ ಮೇಡಂ ಕೇಳಿದರು. ಅತ್ತೆ, "ನಂಗೆ ಗೀಟು ಎಳೆಯೋಕೆ ಬರುತ್ತೆ, ಅಕ್ಷರ ಅವಳ ಕೆಲ್ಸ," ಎಂದು ನನ್ನ ಕಡೆ ಕೈ ತೋರಿಸಿ ಕೂತುಬಿಟ್ಟರು.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಮನೆ, ಅಂಗಡಿ, ಶಾಲೆಗಳ ಗೋಡೆಗೆ ಬಣ್ಣ ಹೊಡೆಯುವುದು ಅವರ ಕೆಲಸ. ಶಾಲೆ ಬಿಟ್ಟ ಮೇಲೆ ನಾನು ಅವರ ಮನೆಯಲ್ಲೇ ಇದ್ದು, ಗೋಡೆಗೆ ಉಪ್ಪು ಕಾಗದ ಉಜ್ಜುವುದನ್ನು ಕಲಿತೆ. ಗೋಡೆ ಚಾವಣಿಗೆ ತಾಗುವ ಕಡೆ ಎರಡು ಬಣ್ಣಗಳು ಕೂಡುತ್ತವಲ್ಲ, ಅಲ್ಲಿ ಬೇರೆಯವರು ಟೇಪು ಅಂಟಿಸಿಕೊಂಡು ಬ್ರಷ್ ಎಳೆಯುತ್ತಾರೆ. ಅತ್ತೆಗೆ ಟೇಪು ಬೇಡ. ಅಟ್ಟಣಿಗೆಯ ಹಲಗೆ ಹತ್ತಿ, ಉಸಿರು ಬಿಗಿಹಿಡಿದು, ಬಲಗೈಯಲ್ಲಿ ಒಂದೇ ಸಮನೆ ಎಳೆದರೆಂದರೆ ದಾರ ಹಿಡಿದಂಥ ಗೀಟು. ಅದಕ್ಕೇ ಅವರು ಎಲ್ಲರಿಗೂ ಗೀಟಕ್ಕ. ಸ್ವಂತ ಹೆಸರು ಮಾವನಿಗಾದರೂ ನೆನಪಿದೆಯೋ ಇಲ್ಲವೋ.

ಅವರ ತಂಡದಲ್ಲಿ ಒಂದು ನಿಯಮವಿದೆ. ಬಣ್ಣ ಹೊಡೆದ ಗೋಡೆಯನ್ನು ಯಾರೂ ಮುಟ್ಟಕೂಡದು. ಒಣಗಿದ ಮೇಲೂ ಮುಟ್ಟಕೂಡದು. ಮನೆಯಲ್ಲೂ ಅದೇ ಕಾನೂನು. ಮಾವ ಕತ್ತಲಲ್ಲಿ ಸ್ವಿಚ್ ಹುಡುಕುವಾಗ ಕೂಡ ಗೋಡೆಗೆ ಬೆರಳು ತಾಗದಂತೆ ಹುಡುಕುತ್ತಾರೆ.

ಹೋದ ವರ್ಷ ಅತ್ತೆಯ ಬಲ ಎದೆಯಲ್ಲಿ ಗಂಟು ಕಾಣಿಸಿತು. ಪರೀಕ್ಷೆಗಳಾದವು. ಸ್ತನ ಕ್ಯಾನ್ಸರ್ ಎಂದು ಡಾಕ್ಟರು ನಿಧಾನವಾಗಿ, ಬಿಡಿಸಿ ಹೇಳಿದರು. ಎದೆಯ ಜೊತೆಗೆ ಕಂಕುಳಿನ ಕೆಲವು ಗಂಟುಗಳನ್ನೂ ತೆಗೆಯಬೇಕು, ಆಮೇಲೆ ಕೀಮೋ ಔಷಧಿ ಹಾಕಬೇಕು ಎಂದರು. ಮಾವ ತಲೆ ತಗ್ಗಿಸಿ ಕೂತಿದ್ದರು. ಅತ್ತೆ ಕೇಳಿದ್ದು ಒಂದೇ ಮಾತು.

"ಡಾಕ್ಟ್ರೇ, ನನ್ನ ಬಲಗೈ ಮತ್ತೆ ಮೇಲಕ್ಕೆ ಹೋಗುತ್ತಾ?"

"ಹೋಗುತ್ತೆ ಅಮ್ಮ. ಹೇಳಿಕೊಟ್ಟ ವ್ಯಾಯಾಮ ಬಿಡದೆ ಮಾಡ್ಬೇಕು."

ಮರುದಿನ ಅತ್ತೆ ಎಂದಿನಂತೆ ಕೆಲಸಕ್ಕೆ ಬಂದರು. ಮಧ್ಯಾಹ್ನ ಊಟವಾದ ಮೇಲೆ, ಹಲಗೆಯ ಮೇಲಿಂದಲೇ, ನಮ್ಮ ಕಡೆ ತಿರುಗದೆ, "ನಂಗೆ ಎದೇಲಿ ಕ್ಯಾನ್ಸರ್ ಅಂತೆ. ಆಪರೇಷನ್ ಆಗ್ಬೇಕು. ಆ ಕಿಟಕಿ ಪಕ್ಕದ್ದು ಒಣಗಿದ್ಯಾ ನೋಡಿ," ಎಂದರು.

ಯಾರೂ ಕಿಟಕಿ ಪಕ್ಕ ನೋಡಲಿಲ್ಲ. ರೋಲರಿನಿಂದ ಬಣ್ಣ ತೊಟ್ಟಿಕ್ಕುತ್ತಿತ್ತು. ತಂಡದಲ್ಲಿ ಎಲ್ಲರಿಗಿಂತ ಎತ್ತರದವರು ಏಣಿಯಕ್ಕ. ಅತ್ತೆಯ ಹಳೆಯ ಜೊತೆಗಾತಿ, ಬಾಯಿ ಜೋರು. ಅವರು ಬ್ರಷ್ ಕೆಳಗಿಟ್ಟು, ಹಲಗೆ ಹತ್ತಿ, ಅತ್ತೆಯ ಪಕ್ಕ ಕಾಲು ಇಳಿಬಿಟ್ಟು ಕೂತರು.

"ಯಾವಾಗ ಗೊತ್ತಾಯ್ತು?"

"ನಿನ್ನೆ."

"ನಿನ್ನೆ ಗೊತ್ತಾಗಿದ್ದನ್ನ ಇವತ್ತು ಊಟ ಆದ್ಮೇಲೆ ಹೇಳ್ತೀಯಲ್ಲ, ನಿನ್ನನ್ನ ಏನ್ ಮಾಡ್ಬೇಕು?"

"ಊಟಕ್ಕೆ ಮುಂಚೆ ಹೇಳಿದ್ರೆ ನೀವ್ಯಾರೂ ಉಣ್ತಿರ್ಲಿಲ್ಲ."

ಇಬ್ಬರೂ ನಕ್ಕರು. ನಕ್ಕು ಮುಗಿಯುವ ಮೊದಲೇ ಅತ್ತೆ ಅತ್ತರು. ಅವರು ಅತ್ತದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಏಣಿಯಕ್ಕ ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಆ ದಿನದಿಂದ ಆಸ್ಪತ್ರೆಗೆ ಅತ್ತೆ ಒಂಟಿಯಾಗಿ ಹೋಗಿದ್ದೇ ಇಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಗಾಯ ಮಾಯುತ್ತ ಬಂದಾಗ ಫಿಸಿಯೋ ಮೇಡಂ ವ್ಯಾಯಾಮ ಹೇಳಿಕೊಟ್ಟರು. ಗೋಡೆಗೆ ಮುಖ ಮಾಡಿ ನಿಂತು, ಬಲಗೈ ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಗೋಡೆಯ ಮೇಲೆ ಹತ್ತಿಸಬೇಕು. ಎಲ್ಲಿಯವರೆಗೆ ಹೋಯಿತೋ ಅಲ್ಲೊಂದು ಗುರುತು ಹಾಕಬೇಕು. ದಿನ ಕಳೆದಂತೆ ಗುರುತು ಮೇಲೇರುತ್ತದೆ.

ಅತ್ತೆ ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ, ಸಂಜೆ, ನಡುಮನೆಯ ತಿಳಿನೀಲಿ ಗೋಡೆಯ ಮುಂದೆ ಹಲ್ಲು ಕಚ್ಚಿ ನಿಲ್ಲುತ್ತಿದ್ದರು. ಆದರೂ ಕೈ ಭುಜದ ಮಟ್ಟದಿಂದ ಮೇಲೆ ಹೋಗಲಿಲ್ಲ. ವಾರಗಳು ಕಳೆದವು. ಅತ್ತೆ ಬ್ರಷ್‌ಗಳನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಕಪಾಟಿನ ಮೇಲೆ ಇಡಿಸಿದರು.

ಮಾವ ಒಂದು ಸಂಜೆ, "ಹೀಗೆ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರೆ ಹೇಗೆ?" ಎಂದರು.

"ಕೈ ತಲೆ ತನಕ ಹೋದ್ರೆ ತಾನೇ ಹೊತ್ಕೊಂಡು ಕೂರೋದು," ಎಂದರು ಅತ್ತೆ. ಮಾವ ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋಗಿ ಪಾತ್ರೆ ತೊಳೆದರು.

ನನಗೆ ಒಂದು ವಿಷಯ ಮಾತ್ರ ಕಣ್ಣಿಗೆ ಬಿದ್ದಿತ್ತು. ಆ ಗೋಡೆಯ ಮೇಲೆ ಒಂದು ಚುಕ್ಕಿಯೂ ಇರಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಫಿಸಿಯೋ ಮೇಡಂ ಹುಬ್ಬು ಗಂಟಿಕ್ಕಿ, "ನಿಜವಾಗ್ಲೂ ದಿನಾ ಮಾಡ್ತಿದೀರಾ?" ಎಂದು ಕೇಳಿದರು. ಅತ್ತೆಯ ಮುಖ ಬಾಡಿತು. ನಾನು ಹೊರಗಿನವರ ಮುಂದೆ ಬಾಯಿ ಬಿಡುವವಳಲ್ಲ. ಆದರೂ ಅತ್ತೆಯನ್ನು ಸುಳ್ಳಿ ಎಂದುಕೊಳ್ಳುತ್ತಾರಲ್ಲ ಎಂದು ಸಂಕಟವಾಗಿ, "ಮಾಡ್ತಾರೆ ಮೇಡಂ. ಆದ್ರೆ ಗೋಡೆ ಮುಟ್ಟಲ್ಲ," ಎಂದೆ.

"ಮುಟ್ಟದೆ ಹೇಗೆ ಮಾಡ್ತೀರಾ? ತೋರ್ಸಿ."

ಅತ್ತೆ ಎದ್ದು ತೋರಿಸಿದರು. ಬೆರಳುಗಳು ಗೋಡೆಗೆ ಕೂದಲೆಳೆಯಷ್ಟು ದೂರದಲ್ಲಿ, ಗಾಳಿಯಲ್ಲೇ ಹತ್ತಿದವು, ಭುಜದ ಮಟ್ಟದಲ್ಲಿ ನಿಂತವು, ಇಳಿದವು.

"ಅಯ್ಯೋ ನಮ್ಮಮ್ಮ, ಗೋಡೆ ಆಸರೆಗೆ ಅಂತ ಕೊಟ್ಟಿದ್ದಲ್ವಾ," ಎಂದರು ಮೇಡಂ. "ಕೈಯ ಭಾರ ಗೋಡೆ ಹೊರ್ಬೇಕು. ನೀವು ಒಬ್ರೇ ಹೊತ್ಕೊಂಡು ಒದ್ದಾಡ್ತಿದೀರಲ್ಲ."

"ಬಣ್ಣ ಹೊಡೆದ ಗೋಡೆ ಮೇಡಂ," ಎಂದರು ಅತ್ತೆ, ಅದೇ ದೊಡ್ಡ ಕಾರಣವೆಂಬಂತೆ. ಅವರಿಗೆ ಅದು ದೊಡ್ಡ ಕಾರಣವೇ.

ಮನೆಗೆ ಬಂದ ಮೇಲೂ ಅವರಿಗೆ ಮನಸ್ಸಾಗಲಿಲ್ಲ. ಬೆರಳು ಗೋಡೆಯ ಹತ್ತಿರ ಹೋಗುವುದು, ತಾನಾಗಿ ಹಿಂದೆ ಸರಿಯುವುದು. ನಾನು ಏಣಿಯಕ್ಕನಿಗೆ ಹೇಳಿದೆ. ಅವರು ಕೆಲಸದಿಂದ ನೇರ ಬಂದರು, ಹಿಂದೆ ಇಡೀ ತಂಡ. ಡಬ್ಬಿಯಲ್ಲಿ ಉಳಿದಿದ್ದ ಕೆಂಪು ಬಣ್ಣದಲ್ಲಿ ಅಂಗೈ ಅದ್ದಿ, ಏಣಿಯಕ್ಕ ನಡುಮನೆಯ ಗೋಡೆಯ ಮಧ್ಯೆ ಬಾರಿಸಿದರು.

ಮಾವ ಕಣ್ಣು ಮುಚ್ಚಿಕೊಂಡರು.

"ನಿಂಗೇನು ತಲೆ ಕೆಟ್ಟಿದ್ಯಾ?" ಎಂದರು ಅತ್ತೆ.

"ಗೋಡೆ ಕೆಡ್ತು. ಇನ್ನು ಯಾರಿಗೆ ಅಂತ ಕಾಯ್ತೀಯ? ಇಡು ಕೈ. ಕೈ ಸರಿಹೋದ್ಮೇಲೆ ನೀನೇ ಬಣ್ಣ ಹೊಡಿ, ಯಾರು ಬೇಡ ಅಂದ್ರು."

ಅತ್ತೆ ಗೋಡೆಯ ಮೇಲಿನ ಕೆಂಪು ಅಂಗೈಯನ್ನು ನೋಡಿದರು. ಆಮೇಲೆ ಬೆರಳ ತುದಿ ಅದ್ದಿ, ಗೋಡೆಯ ಮೇಲೆ ಇಟ್ಟರು. ಬೆರಳು ಹತ್ತಿತು. ಭುಜದ ಮಟ್ಟಕ್ಕೆ ಬಂದಾಗ ಮುಖ ಕಿವುಚಿದರು, ನಿಲ್ಲಿಸಿ ಉಸಿರೆಳೆದರು, ಮತ್ತೆ ಒಂದು ಬೆರಳಗಲ ಹತ್ತಿಸಿದರು. ಅಲ್ಲಿ ಒಂದು ಕೆಂಪು ಗುರುತು ಬಿತ್ತು.

ಅಂದಿನಿಂದ ತಂಡದವರು ಎಲ್ಲಿ ಕೆಲಸವಿದ್ದರೂ ಅಲ್ಲಿ ಉಳಿದ ಬಣ್ಣವನ್ನು ತಂದುಕೊಡುತ್ತಿದ್ದರು. ಔಷಧಂಗಡಿಯ ಹಸಿರು, ಯಾರದೋ ಅಡುಗೆಮನೆಯ ಹಳದಿ. ಔಷಧಿ ಹಾಕಿಸಿಕೊಂಡ ವಾರಗಳಲ್ಲಿ ಅತ್ತೆಗೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಆಗ ಕೂತಲ್ಲಿಂದಲೇ ಹಾಕಿದ ಗುರುತು ಕೆಳಗೇ ಬೀಳುತ್ತಿತ್ತು. ಅದನ್ನೂ ಹಾಕುತ್ತಿದ್ದರು. ಕೂದಲು ಉದುರಿದಾಗ ಏಣಿಯಕ್ಕ, "ನಾವೆಲ್ಲ ತಲೆಗೆ ಬಟ್ಟೆ ಕಟ್ಟೋರೇ ಅಲ್ವಾ, ಯಾರಿಗೆ ಗೊತ್ತಾಗುತ್ತೆ," ಎಂದು ಅತ್ತೆಗೆ ಕೆಲಸದ ತಲೆವಸ್ತ್ರವನ್ನೇ ಕಟ್ಟಿದರು. ಮಾವನೂ ಒಂದು ಕಟ್ಟಿಕೊಂಡು ಅಂಗಡಿಗೆ ಹೋಗಿಬಂದರು. ಅದು ಮಾವನ ಮುಖಕ್ಕೆ ಒಪ್ಪುತ್ತಿರಲಿಲ್ಲ. ಅತ್ತೆ ಹಾಗೆಂದು ನೇರವಾಗಿ ಹೇಳಿದರು.

ಔಷಧಿ ಮುಗಿದು, ಭಾರ ಎತ್ತದೆ ಕೆಲಸ ಮಾಡಬಹುದು ಎಂದು ಡಾಕ್ಟರು ಹೇಳುವ ಹೊತ್ತಿಗೆ ಗೋಡೆಯ ಗುರುತುಗಳು ಬಾಗಿಲ ಚೌಕಟ್ಟನ್ನು ದಾಟಿದ್ದವು. ಆಗ ನಮ್ಮ ತಂಡ ಗ್ರಂಥಾಲಯದ ಓದುವ ಕೋಣೆಗೆ ಬಣ್ಣ ಹೊಡೆಯುತ್ತಿತ್ತು. ಎಲ್ಲ ಮುಗಿದಿತ್ತು, ಚಾವಣಿಯ ಕೆಳಗಿನ ಗೀಟೊಂದನ್ನು ಬಿಟ್ಟು.

"ಟೇಪು ಹಾಕಿ ಮುಗ್ಸಿ, ಯಾರಿಗೆ ಕಾಯ್ತಿದೀರಾ?" ಎಂದರು ಮೇಸ್ತ್ರಿ.

"ಟೇಪು ನಿಮ್ಮ ಬಾಯಿಗೆ ಹಾಕ್ಕೊಳ್ಳಿ. ಗೀಟಕ್ಕ ಬರ್ತಾಳೆ," ಎಂದರು ಏಣಿಯಕ್ಕ.

ಅತ್ತೆ ಬಂದು ಹಲಗೆ ಹತ್ತಿದರು. ಬ್ರಷ್ ಅದ್ದಿ, ಬಲಗೈ ಎತ್ತಿ, ಎಳೆದರು. ಸ್ವಲ್ಪ ದೂರ ಹೋಗಿ ಕೈ ನಡುಗಿತು, ಗೀಟು ಡೊಂಕಾಯಿತು. ಅತ್ತೆ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದರು.

"ನಾನು ಹತ್ಲಾ?" ಎಂದರು ಏಣಿಯಕ್ಕ ಮೆಲ್ಲಗೆ.

"ನೀನು ಹಲಗೆ ಗಟ್ಟಿ ಹಿಡ್ಕೋ. ಬಾಯೂ ಹಿಡ್ಕೋ."

ಎರಡನೇ ಸಲ ಎಳೆದಾಗ ಬ್ರಷ್ ನಿಲ್ಲಲಿಲ್ಲ. ಕೈ ದಣಿದಾಗ ಇಳಿದು ಕೂತು, ಮತ್ತೆ ಹತ್ತಿ, ಸಂಜೆಯ ಹೊತ್ತಿಗೆ ಕೋಣೆಯ ಸುತ್ತ ದಾರ ಹಿಡಿದಂಥ ಗೀಟು ಮುಗಿಸಿದರು. ಮೇಸ್ತ್ರಿ ಮೂಲೆಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿದರು. ಮೆಚ್ಚಿ ಗೋಡೆ ಸವರಲು ಕೈ ಚಾಚಿದರು.

"ಗೋಡೆ ಮುಟ್ಬೇಡಿ," ಎಂದರು ಅತ್ತೆ ಮೇಲಿನಿಂದ. ಹಳೆಯ ಗೀಟಕ್ಕನ ದನಿ. ಏಣಿಯಕ್ಕ ಹಲಗೆ ಹಿಡಿದುಕೊಂಡೇ ಅಳುತ್ತಿದ್ದರು, ನಗುತ್ತಲೂ ಇದ್ದರು.

ನಡುಮನೆಯ ಗೋಡೆಗೆ ಅತ್ತೆ ಇನ್ನೂ ಬಣ್ಣ ಹೊಡೆದಿಲ್ಲ. ಮೊನ್ನೆ ಫಿಸಿಯೋ ಮೇಡಂ ಹೇಳಿದರೆಂದು, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಅದನ್ನು ನೋಡಲು ಬಂದಿದ್ದರು. ಅವರಿಗೂ ಇದೇ ಕಾಯಿಲೆ ಎಂದು ಈಗಷ್ಟೇ ಗೊತ್ತಾಗಿದೆ, ಮನೆಯಲ್ಲಿ ಒಬ್ಬರೇ. ಗುರುತುಗಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ನೋವಾಗುತ್ತಾ?" ಎಂದು ಕೇಳಿದರು.

"ಆಗುತ್ತೆ, ಸುಳ್ಳು ಯಾಕೆ ಹೇಳ್ಲಿ," ಎಂದರು ಅತ್ತೆ. "ಒಬ್ರೇ ಇದ್ರೆ ಜಾಸ್ತಿ ಆಗುತ್ತೆ. ಅದಕ್ಕೆ ನಾವು ಬರ್ತೀವಿ."

ಸೋಮವಾರ ಅವರ ಆಪರೇಷನ್. ಭಾನುವಾರ ನಾನು ಅವರ ಮನೆಗೆ ಹೋಗಿ, ಕಿಟಕಿ ಪಕ್ಕದ ಗೋಡೆಗೆ ಉಪ್ಪು ಕಾಗದ ಉಜ್ಜಿ, ಅವರ ಬೆರಳಿನ ಗುರುತುಗಳಿಗೆಂದು ಬಿಳಿ ಬಣ್ಣ ಹೊಡೆದು ಬರುತ್ತೇನೆ.