ಗೋಡೆಗಿಟ್ಟ ಚುಕ್ಕಿಗಳು

ನಾನು ಹುಟ್ಟಾ ಪುಕ್ಕಲ, ಅದು ಮನೆಯವರಿಗೆಲ್ಲ ಗೊತ್ತು. ಎಂಬತ್ತರ ದಶಕದ ಒಂದು ಮಳೆಗಾಲ ಅಕ್ಕ ಬಾಣಂತನಕ್ಕೆ ಮೊರಬದ ನಮ್ಮ ಮನೆಗೆ ಬಂದಿದ್ದಳು. ಅವಳ ಕೋಣೆಯ ಮಣ್ಣಿನ ಗೋಡೆಯಲ್ಲಿ, ತೊಲೆಯ ತುದಿಯ ಕೆಳಗೆ ಬಿರುಕೊಂದು ಕಂಡಿತು. ಕೂಸಿನ ತೊಟ್ಟಿಲು ಕಟ್ಟಿದ್ದು ಅದೇ ತೊಲೆಗೆ. ಎರೆ ನೆಲ ಮಳೆಗೆ ಉಬ್ಬಿ ಗೋಡೆ ಬಿರಿಯುವುದು ನಮ್ಮ ಕಡೆ ಹೊಸದೇನಲ್ಲ. ಆದರೂ ನಾನು ಹೊಸ್ತಿಲಿಗೆ ಬಂದು ಬಂದು ಅದನ್ನೇ ನೋಡುತ್ತಿದ್ದೆ.

ಬಾಣಂತಿ ಕೋಣೆಗೆ ಗಂಡಸರು ಕಾಲಿಡುವಂತಿರಲಿಲ್ಲ. ನವಲಗುಂದದ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ನಾನು ಅಲ್ಲಿನ ಕ್ಯಾಮೆರಾ ತಂದು, ಕೂಸಿಗೆ ಹೆಸರಿಟ್ಟ ದಿನ ಹೊಸ್ತಿಲಲ್ಲೇ ನಿಂತು, ಬಿರುಕು ನಟ್ಟನಡುವೆ ಬರುವಂತೆ ಫೋಟೋ ತೆಗೆದೆ. ತಿಂಗಳ ಮೇಲೆ ಅಕ್ಕ ಕೂಸಿನ ಫೋಟೋ ಕೇಳಿದಳು. ಅದೇ ಹೊಸ್ತಿಲು, ಈ ಸಲ ನಡುವೆ ತೊಟ್ಟಿಲು, ಬಿರುಕು ಅಂಚಿಗೆ. ಎರಡೂ ಫೋಟೋ ಜೋಡಿಸಿ ಅಳೆದರೆ ಬಿರುಕು ಅಷ್ಟೇ ಅಗಲವಿತ್ತು.

"ನೋಡಲೇ, ಎಳ್ಳಷ್ಟೂ ಹೆಚ್ಚಾಗಿಲ್ಲ," ಅಂದ ಅಪ್ಪ. "ಇಂಥಾ ಥಂಡ್ಯಾಗ ಬಾಣಂತಿನ್ನ ಹೊರಗ ಮಲಗಸಂತಿಯೇನು?"

ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಆ ಲೆನ್ಸು ಅಂಚಿಗೆ ಬಂದ ಕಂಬಗಳನ್ನು ಬಾಗಿಸುವುದನ್ನು ಮದುವೆ ಫೋಟೋಗಳಲ್ಲಿ ನೋಡಿದ್ದೆ. ಅಂಚಿನಲ್ಲಿ ಅದು ಹಿಗ್ಗಿಸುತ್ತದೋ ಕುಗ್ಗಿಸುತ್ತದೋ ಗೊತ್ತಿರಲಿಲ್ಲ. ಹಿಗ್ಗಿಸಲಿ ದೇವರೇ ಎಂದು ಬೇಡಿಕೊಂಡೆ.

ಮರುದಿನ ಅಂಗಳದ ಗೋಡೆಗೆ ಅಳತೆಪಟ್ಟಿ ಹಿಡಿದು ಸಮ ಅಂತರದಲ್ಲಿ ಸುಣ್ಣದ ಚುಕ್ಕಿ ಇಟ್ಟೆ. "ಗ್ವಾಡಿಗೆ ಯಾರರ ರಂಗೋಲಿ ಹಾಕ್ತಾರೇನ್ಲೇ ಹುಚ್ಚಾ," ಎಂದು ಅವ್ವ ನಕ್ಕಳು. ಹಗ್ಗದ ತುದಿ ಅವಳ ಕೈಗೆ ಕೊಟ್ಟು, ಹೊಸ್ತಿಲಿನಿಂದ ಬಿರುಕಿನ ಗೋಡೆಗಿದ್ದ ದೂರ ಅಳೆದುಕೊಂಡೆ. ಅಷ್ಟೇ ದೂರದಿಂದ ಚುಕ್ಕಿಗಳ ಫೋಟೋ ತೆಗೆದು ಸ್ಟುಡಿಯೋಕ್ಕೆ ಓಡಿದೆ.

ಹಸಿ ಫೋಟೋದ ಮೇಲೇ ಅಳತೆಪಟ್ಟಿ ಇಟ್ಟೆ. ನಡುವಿನ ಚುಕ್ಕಿಗಳಿಗಿಂತ ಅಂಚಿನವು ಹತ್ತಿರ ಹತ್ತಿರ ಬಂದಿದ್ದವು. ಲೆನ್ಸು ಅಂಚಿನಲ್ಲಿ ಕುಗ್ಗಿಸುತ್ತಿತ್ತು. ಕುಗ್ಗಿಯೂ ಬಿರುಕು ಮೊದಲಿನಷ್ಟೇ ಕಂಡಿದೆ ಎಂದರೆ, ನಿಜಕ್ಕೂ ಅದು ಅಗಲವಾಗಿದೆ. ಹಸಿ ಫೋಟೋವನ್ನೇ ಹಿಡಿದು ಬಸ್ಸಿಗೆ ಓಡಿದೆ.

ಮನೆ ನಿಂತಿದೆಯೋ ಇಲ್ಲವೋ ಎಂದು ದಾರಿಯುದ್ದಕ್ಕೂ ಹೆದರಿಕೆ. ನಿಂತಿತ್ತು. ಅಪ್ಪನಿಗೆ ಫೋಟೋ ತೋರಿಸಿ ತಿಳಿಸಿ ಹೇಳಿದೆ. ನಡುವಿನ ಚುಕ್ಕಿಗಳ ಸಂದಿಗೆ ಉಗುರಿಟ್ಟು ನೋಡಿದ, ಅಂಚಿನವಕ್ಕೂ ಇಟ್ಟು ನೋಡಿದ. ಆಮೇಲೆ ಕೋಣೆಯ ಬಾಗಿಲಿಗೆ ಹೋಗಿ, "ಕೂಸಿನ್ನ ತಗೊಂಡು ಅಂಗಳಕ್ಕ ನಡೀರಿ ಎಲ್ಲಾರೂ," ಅಂದ.

ಅವರು ಹೊರಬಂದರು, ಅವನು ಒಳಹೊಕ್ಕ.

"ತೊಟ್ಟಿಲಾ ಇರಲಿ ಬಿಡಪಾ," ಅಂದೆ. ಕೇಳಲಿಲ್ಲ. ಹಗ್ಗ ಬಿಚ್ಚುತ್ತಿದ್ದಂತೆ ತೊಲೆಯ ತುದಿಯಿಂದ ಮಣ್ಣು ಉದುರತೊಡಗಿತು. ತೊಟ್ಟಿಲನ್ನು ಎದೆಗವಚಿಕೊಂಡು ಅಪ್ಪ ಹೊಸ್ತಿಲು ದಾಟಿದ. ಹಿಂದೆಯೇ ಗೋಡೆ ಕುಸಿದು ಅಕ್ಕನ ಹಾಸಿಗೆಯ ಮೇಲೆ ಬಿತ್ತು.

ಅಂಗಳಕ್ಕೆ ಬಂದ ಧೂಳಿಗೆ ಕೂಸು ಒಮ್ಮೆ ಸೀನಿತು. ಆ ಸದ್ದಿಗೆ ಬೆಚ್ಚಿಬಿದ್ದವನು ನಾನಲ್ಲ, ಅಪ್ಪ.